ಎರಕದ ಬುಲೆಟ್ ಕೂರಿಸಿದಾಗ 9 ಎಂಎಂ ಕೇಸ್ ಒಂದು ಪಕ್ಕಕ್ಕೆ ಉಬ್ಬುವುದೇಕೆ?

ಓಹಾಯೋ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಮನೆಯ ಗ್ಯಾರೇಜಿನಲ್ಲಿ ಸ್ವಂತ ಅಭ್ಯಾಸಕ್ಕಾಗಿ 9 ಎಂಎಂ ಲೂಗರ್ ತೋಟಾಗಳನ್ನು ರೀಲೋಡ್ ಮಾಡುವ, ಅಂದರೆ ಸಿಡಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಗುಂಡಿ), ಮದ್ದು, ಬುಲೆಟ್ ಹಾಕಿ ಮತ್ತೆ ತೋಟಾ ಮಾಡುವ ಹವ್ಯಾಸ ನನಗಿದೆ. ಇಷ್ಟು ಕಾಲ ತಾಮ್ರದ ಜಾಕೆಟ್ ಇರುವ 124 ಗ್ರೇನ್ ತೂಕದ ಬುಲೆಟ್‌ಗಳನ್ನೇ ಬಳಸುತ್ತಿದ್ದೆ. ಯಾವ ತೊಂದರೆಯೂ ಇರಲಿಲ್ಲ. ಈಚೆಗೆ ಖರ್ಚು ಕಡಿಮೆಯಾಗಲೆಂದು ಪೌಡರ್ ಕೋಟಿಂಗ್ (ಪುಡಿಬಣ್ಣ ಬೇಯಿಸಿದ ಲೇಪನ) ಮಾಡಿದ 147 ಗ್ರೇನಿನ ಸೀಸದ ಎರಕದ ಬುಲೆಟ್‌ಗಳನ್ನು ತರಿಸಿಕೊಂಡೆ. ಅವುಗಳ ವ್ಯಾಸ 0.358 ಅಂಗುಲ.

ಪ್ರೆಸ್ಸಿನಲ್ಲಿ ಕೇಸಿಗೆ ಆಕಾರ ಕೊಡುವ ಡೈಗಳ ಹೊಂದಾಣಿಕೆಯಲ್ಲಿ ಬುಲೆಟ್ ಕೂರಿಸುವ ಆಳವೊಂದನ್ನು ಬಿಟ್ಟು ಬೇರೇನನ್ನೂ ಬದಲಿಸಿಲ್ಲ. ಆದರೂ ಸಿದ್ಧವಾದ ತೋಟಾಗಳಲ್ಲಿ ಹಲವು, ಪಿಸ್ತೂಲಿನಿಂದ ಬಿಚ್ಚಿ ತೆಗೆದ ಬ್ಯಾರೆಲ್ಲಿನೊಳಕ್ಕೆ ಬಿಟ್ಟರೆ ಅರ್ಧದಲ್ಲೇ ನಿಲ್ಲುತ್ತವೆ. ಬೆಳಕಿಗೆ ಹಿಡಿದು ತಿರುಗಿಸಿದರೆ ಕೇಸಿನ ಒಂದು ಪಕ್ಕದಲ್ಲಿ ಉಬ್ಬು ಕಾಣುತ್ತದೆ. ಕ್ರಿಂಪ್ (ಕೇಸಿನ ಬಾಯಿಯನ್ನು ಬುಲೆಟ್ಟಿನ ಸುತ್ತ ಮುಚ್ಚುವುದು) ಸಡಿಲವಾಗಿರಬೇಕೆಂದು ಬಿಗಿ ಮಾಡಿ ನೋಡಿದೆ. ಹಾಗೆ ಮಾಡಿದ ಮೇಲೆ ತೊಂದರೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೇಸ್‌ಗಳೆಲ್ಲ ರೇಂಜಿನಲ್ಲಿ ಆಯ್ದವು, ಹತ್ತಾರು ಕಂಪನಿಗಳವು. ಎಲ್ಲಿಂದ ಪರೀಕ್ಷೆ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಮೈಕ್ರೋಮೀಟರ್:

ಮೊದಲು ಯಾವ ಡೈಯನ್ನೂ ಮುಟ್ಟಬೇಡಿ. ಉಬ್ಬು ಎಲ್ಲಿದೆ ಎಂಬುದನ್ನು ನಿಖರವಾಗಿ ಗುರುತಿಸಿಕೊಳ್ಳಿ. ಒಂದು ಕಡೆ ಮಾತ್ರ ಊದಿದ ಕೆನ್ನೆ ಯಾವ ಹಲ್ಲು ನೋಯುತ್ತಿದೆ ಎಂಬುದನ್ನು ಹೇಳುವಂತೆ, ಉಬ್ಬಿನ ಜಾಗವೇ ಅದರ ಕಾರಣವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಬುಲೆಟ್ಟಿನ ಬುಡ ಕೇಸಿನೊಳಗೆ ಎಲ್ಲಿ ನಿಂತಿದೆಯೋ ಅಲ್ಲಿ ಹೊರಗಡೆ ಸುತ್ತಲೂ ಒಂದೇ ಸಮನಾಗಿ ತೆಳುವಾದ ಗೆರೆ ಕಂಡರೆ ಅದು ದೋಷವೇ ಅಲ್ಲ. ಸೈಜಿಂಗ್ ಡೈ ಕೇಸನ್ನು ಬುಲೆಟ್ಟಿಗಿಂತ ಕಿರಿದು ಮಾಡಿರುತ್ತದೆ, ಬುಲೆಟ್ ಒಳಗೆ ಹೋದಷ್ಟು ಭಾಗ ಹಿಗ್ಗುತ್ತದೆ, ಅದರ ಕೆಳಗಿನ ಭಾಗ ಕಿರಿದಾಗಿಯೇ ಉಳಿಯುತ್ತದೆ. ಬುಲೆಟ್ಟನ್ನು ಹಿಡಿದು ನಿಲ್ಲಿಸುವ ಬಿಗಿತವೇ ಇದು. ಅದೇ ಗೆರೆ ಒಂದು ಪಕ್ಕದಲ್ಲಿ ಎದ್ದು ಎದುರು ಪಕ್ಕದಲ್ಲಿ ಮಾಯವಾಗಿದ್ದರೆ ಬುಲೆಟ್ ಓರೆಯಾಗಿ ಕೂತಿದೆ ಎಂದರ್ಥ. ಬಾಯಿಯ ಸ್ವಲ್ಪ ಕೆಳಗೆ ಉಂಗುರದಂತೆ ಉಬ್ಬಿದ್ದರೆ ಕ್ರಿಂಪ್ ಅತಿಯಾಗಿದೆ, ಇಲ್ಲವೇ ಬುಲೆಟ್ ಇನ್ನೂ ಕೆಳಗಿಳಿಯುತ್ತಿರುವಾಗಲೇ ಕ್ರಿಂಪ್ ಬಿದ್ದಿದೆ. ಕೇಸಿನ ತೀರಾ ಬುಡದಲ್ಲಿ, ಎಕ್ಸ್‌ಟ್ರಾಕ್ಟರ್ ತೋಡಿನ (ಖಾಲಿ ಕೇಸನ್ನು ಎಳೆದು ತೆಗೆಯುವ ಕೊಕ್ಕೆ ಹಿಡಿಯುವ ಜಾಗ) ಮೇಲ್ಗಡೆ ಇರುವ ಉಬ್ಬು ನೀವು ಮಾಡಿದ್ದಲ್ಲ; ಆ ಕೇಸ್ ಹಿಂದೆ ಯಾವುದೋ ಪಿಸ್ತೂಲಿನಲ್ಲಿ ಸಿಡಿದಾಗ ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಚೇಂಬರಿನ ಆಸರೆ ಸಾಲದ ಕಡೆ ಹಿಗ್ಗಿರುವುದು. 0.40 ಎಸ್ ಆ್ಯಂಡ್ ಡಬ್ಲ್ಯೂ ಎಂಬ ಇನ್ನೊಂದು ಪಿಸ್ತೂಲ್ ತೋಟಾದ ಕೇಸ್‌ಗಳಲ್ಲಿ ಇದು ಹೆಚ್ಚು.

ಈಗ ಪರೀಕ್ಷೆ. ನಿಲ್ಲುವ ತೋಟಾ ಒಂದನ್ನು ತೆಗೆದುಕೊಂಡು ಬುಲೆಟ್ಟಿಗೂ ಕೇಸಿಗೂ ಪೂರ್ತಿಯಾಗಿ ಕಪ್ಪು ಮಾರ್ಕರ್ ಬಳಿಯಿರಿ. ಬಿಚ್ಚಿದ ಬ್ಯಾರೆಲ್ಲಿಗೆ ಬಿಟ್ಟು, ಬೆರಳಿನಿಂದ ಹಗುರವಾಗಿ ಒತ್ತಿ, ಅರ್ಧ ಸುತ್ತು ತಿರುಗಿಸಿ ಹೊರತೆಗೆಯಿರಿ. ಬಣ್ಣ ಉಜ್ಜಿಹೋದದ್ದು ಬುಲೆಟ್ಟಿನ ಮೂತಿಯ ಮೇಲಾದರೆ ಬುಲೆಟ್ ರೈಫ್ಲಿಂಗಿಗೆ (ಬ್ಯಾರೆಲ್ಲಿನೊಳಗಿನ ಸುರುಳಿ ತೋಡುಗಳಿಗೆ) ತಾಗುತ್ತಿದೆ, ಕೇಸಿನ ಬಾಯಿಯ ಅಂಚಾದರೆ ಅಗಲಿಸಿದ ಬಾಯಿ ಪೂರ್ತಿ ಮುಚ್ಚಿಲ್ಲ, ಮೈಮೇಲಾದರೆ ಉಬ್ಬು. ಕೆಲವೊಮ್ಮೆ ಎರಡು ಕಾರಣಗಳು ಒಟ್ಟಿಗೇ ಇರುತ್ತವೆ, ಆದ್ದರಿಂದ ಒಂದೇ ತೋಟಾ ನೋಡಿ ತೀರ್ಮಾನಕ್ಕೆ ಬರಬೇಡಿ.

ಇನ್ನೊಂದು ಲೆಕ್ಕವನ್ನೂ ಗಮನಿಸಿ. 9 ಎಂಎಂ ಕೇಸಿನ ಗೋಡೆ ಬಾಯಿಯ ಬಳಿ ಸುಮಾರು 11ರಿಂದ 12 ಥೌ, ಅಂದರೆ ಅಂಗುಲದ ಸಾವಿರ ಭಾಗಗಳಲ್ಲಿ ಹನ್ನೆರಡರವರೆಗೆ ದಪ್ಪವಿರುತ್ತದೆ. ಗೋಡೆ 12 ಥೌ ಇದ್ದರೆ ಎರಡು ಗೋಡೆ ಸೇರಿ 0.024, ಅದಕ್ಕೆ ನಿಮ್ಮ 0.358 ಕೂಡಿಸಿದರೆ 0.382 ಅಂಗುಲ. ಅಮೆರಿಕದ ಉತ್ಪಾದಕರ ಸಂಸ್ಥೆ ಸಾಮಿ ಬಾಯಿಯ ಬಳಿ ಒಪ್ಪುವ ಗರಿಷ್ಠ ಅಳತೆ 0.380. ಬುಲೆಟ್ ಎಷ್ಟೇ ನೇರವಾಗಿ ಕೂತರೂ ದಪ್ಪ ಗೋಡೆಯ ಕೇಸಿನಲ್ಲಿ ನಿಮಗೆ ಜಾಗವೇ ಇಲ್ಲ.

ವೇಗದ ಬೆಂಚು:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಕ್ರಿಂಪ್ ಮಾಡುತ್ತಲೇ ಇಡೀ ತೋಟಾವನ್ನು ಕಾರ್ಬೈಡ್ ಉಂಗುರದ ಮೂಲಕ ಹಾಯಿಸಿ ಅಳತೆಗೆ ತರುವ ಡೈ ಸಿಗುತ್ತದೆ. ಅದನ್ನು ಕೊನೆಯ ಹಂತದಲ್ಲಿ ಹಾಕಿಕೊಳ್ಳಿ. ಉಬ್ಬು ಯಾವ ಕಾರಣದ್ದಾದರೂ ಆಗಲಿ, ಉಂಗುರ ದಾಟಿ ಬಂದ ತೋಟಾ ಚೇಂಬರಿಗೆ ಹೋಗಿಯೇ ಹೋಗುತ್ತದೆ. ನಾನು ಸ್ಪರ್ಧೆಗಳಿಗೆ ಮಾಡುವ ತೋಟಾಗಳೆಲ್ಲ ಹೀಗೆಯೇ ತಯಾರಾಗುತ್ತವೆ.

ಸೀಸದ ಕುಲುಮೆ:

ವೇಗದ ಬೆಂಚು ಅವರೇ, ಜಾಕೆಟ್ ಇರುವ ಬುಲೆಟ್ ಆಗಿದ್ದರೆ ನಿಮ್ಮ ಮಾತಿಗೆ ಅಷ್ಟಾಗಿ ತಕರಾರಿಲ್ಲ. ಎರಕದ ಬುಲೆಟ್ಟಿಗೆ ಮಾತ್ರ ಈ ಉಪಾಯ ತಿರುಗುಬಾಣವಾಗುತ್ತದೆ. ಉಂಗುರ ಹೊರಗಿನಿಂದ ಹಿಂಡುವಾಗ ಹಿತ್ತಾಳೆಯ ಜೊತೆಗೆ ಒಳಗಿರುವ ಸೀಸವೂ ಕುಗ್ಗುತ್ತದೆ. ಒತ್ತಡ ತೆಗೆದ ಕೂಡಲೇ ಹಿತ್ತಾಳೆ ಒಂದಿಷ್ಟು ಹಿಂದಕ್ಕೆ ಚಿಮ್ಮುತ್ತದೆ, ಸೀಸ ಕುಗ್ಗಿದಲ್ಲೇ ಉಳಿಯುತ್ತದೆ. ಹೀಗಾಗಿ ಒಂದೇ ಏಟಿಗೆ ಎರಡು ನಷ್ಟ: ಬುಲೆಟ್ ಕೇಸಿನಲ್ಲಿ ಸಡಿಲವಾಗುತ್ತದೆ, ಜೊತೆಗೆ ಬ್ಯಾರೆಲ್ಲಿನ ಒಳತೋಡಿನ ಅಳತೆಗಿಂತ ಕಿರಿದಾಗುತ್ತದೆ. ಕಿರಿದಾದ ಬುಲೆಟ್ಟಿನ ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಸವೆಸಿ ಬ್ಯಾರೆಲ್ಲಿಗೆ ಮೆತ್ತುತ್ತದೆ, ಬುಲೆಟ್ ಅಡ್ಡಡ್ಡ ಹೋಗಿ ಗುರಿಹಲಗೆಯಲ್ಲಿ ಕೀಲಿಕೈ ತೂತಿನಂತಹ ಗುರುತು ಮೂಡಿಸುತ್ತದೆ. ಆಮೇಲೆ ಜನ ಮಿಶ್ರಲೋಹವನ್ನು ದೂರುತ್ತಾರೆ, ಮದ್ದನ್ನು ದೂರುತ್ತಾರೆ, ಕೋಟಿಂಗನ್ನು ದೂರುತ್ತಾರೆ. ಡೈಯನ್ನು ದೂರುವವರು ಕಡಿಮೆ. ನೀವು ಸ್ಪರ್ಧೆಗೆ ಬಳಸುವುದು ಬಹುಶಃ ಜಾಕೆಟ್ ಅಥವಾ ತಾಮ್ರ ಲೇಪನದ ಬುಲೆಟ್ ಇರಬೇಕು.

ಓಹಾಯೋ ಕನ್ನಡಿಗರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಡೈಗಳನ್ನು ಬದಲಿಸಿಲ್ಲ ಎಂದಿರಿ. ನನ್ನ ಅನುಮಾನ ಅಲ್ಲಿಯೇ ಇದೆ. ಮಾರುಕಟ್ಟೆಯ ಸಾಮಾನ್ಯ ಡೈ ಸೆಟ್ಟಿನಲ್ಲಿ ಬರುವ, ಕೇಸಿನ ಬಾಯಿ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ 0.355 ಅಂಗುಲದ ಜಾಕೆಟ್ ಬುಲೆಟ್ಟಿಗೆಂದು ಮಾಡಿದ್ದು. ಅದು ಕಿರಿದು, ಗಿಡ್ಡ, ಬಾಯಿಯನ್ನು ಸೂಜಿಮಲ್ಲಿಗೆಯ ಎಸಳಿನಷ್ಟು ಹೊರಕ್ಕೆ ಬಾಗಿಸಿ ಬಿಡುತ್ತದೆ. ದಪ್ಪ ಬುಲೆಟ್ ಅದರ ಮೇಲೆ ನೇರವಾಗಿ ನಿಲ್ಲುವುದಿಲ್ಲ, ವಾಲಿಕೊಂಡೇ ಡೈಯೊಳಗೆ ಏರುತ್ತದೆ, ವಾಲಿದ ಕಡೆಯ ಗೋಡೆಯನ್ನು ತಳ್ಳಿಕೊಂಡೇ ಇಳಿಯುತ್ತದೆ. ನೀವು ಹೇಳುವ ಒಂದು ಪಕ್ಕದ ಉಬ್ಬು ಇದೇ ಇರಬೇಕು.

ಇದಕ್ಕೆ ಎರಡು ಮೆಟ್ಟಿಲಿರುವ ಎಕ್ಸ್‌ಪ್ಯಾಂಡರ್ ಬೇಕು. ಲೈಮನ್ ಕಂಪನಿಯ ಎಂ ಮಾದರಿಯ ಡೈ ಇದರಲ್ಲಿ ಹಳೆಯದು ಮತ್ತು ಹೆಸರಾದದ್ದು. ಕೆಳಗಿನ ಭಾಗ ಕೇಸನ್ನು ಬುಲೆಟ್ಟಿಗಿಂತ ಒಂದೆರಡು ಥೌ ಕಡಿಮೆ ಅಳತೆಗೆ ಹಿಗ್ಗಿಸುತ್ತದೆ, ಮೇಲಿನ ಮೆಟ್ಟಿಲು ಬಾಯಿಯಲ್ಲಿ ಬುಲೆಟ್ಟಿನ ಬುಡ ನೇರವಾಗಿ ಕೂರುವಷ್ಟು ಗಿಡ್ಡ ಕಟ್ಟೆಯನ್ನು ಮಾಡುತ್ತದೆ. ಬೆರಳಿನಿಂದ ಇಟ್ಟ ಬುಲೆಟ್, ಕೈ ತೆಗೆದ ಮೇಲೂ ಅಲುಗಾಡದೆ ನೆಟ್ಟಗೆ ನಿಂತರೆ ಅಷ್ಟು ಹಿಗ್ಗು ಸಾಕು.

ಇದರ ಜೊತೆಗೆ ಎರಡು ಅಳತೆಗಳನ್ನು ತೆಗೆದುಕೊಳ್ಳಿ. ಒಂದು, ಸಿದ್ಧ ತೋಟಾ ಒಂದರಿಂದ ಬುಲೆಟ್ಟನ್ನು ಹೊರತೆಗೆದು ಅದರ ಬುಡದ ವ್ಯಾಸ. ಇನ್ನೊಂದು, ನಿಮ್ಮ ಬ್ಯಾರೆಲ್ಲಿನ ತೋಡಿನ ವ್ಯಾಸ: ಸ್ವಲ್ಪ ದಪ್ಪವಿರುವ ಶುದ್ಧ ಸೀಸದ ಉಂಡೆಗೆ ಎಣ್ಣೆ ಸವರಿ, ಖಾಲಿಯಿರುವ, ಪಿಸ್ತೂಲಿನಿಂದ ಬಿಚ್ಚಿದ ಬ್ಯಾರೆಲ್ಲಿನಲ್ಲಿ ಮರದ ಕಡ್ಡಿಯಿಂದ ಈ ತುದಿಯಿಂದ ಆ ತುದಿಗೆ ತಳ್ಳಿ, ಅದರ ಮೇಲೆ ಮೂಡಿದ ಉಬ್ಬುಗೆರೆಗಳನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಈ ಕೆಲಸಕ್ಕೆ ಕ್ಯಾಲಿಪರ್ ಸಾಲದು. ಎರಕದ ಬುಲೆಟ್ ಆ ತೋಡಿನ ವ್ಯಾಸಕ್ಕಿಂತ ಒಂದು ಥೌ ದಪ್ಪವಿರಬೇಕು, ಹೆಚ್ಚೆಂದರೆ ಎರಡು. ಎಲ್ಲರೂ 0.358 ಕೊಳ್ಳುತ್ತಾರೆ ಎಂಬುದು ನಿಮ್ಮ ಬ್ಯಾರೆಲ್ಲಿಗೆ ಕಾರಣವಾಗದು.

ಓಹಾಯೋ ಕನ್ನಡಿಗ:

ವಿವರವಾಗಿ ಬರೆದ ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆ ಎಲ್ಲವನ್ನೂ ನೋಡಿದೆ.

ಮಾರ್ಕರ್ ಪರೀಕ್ಷೆಯಲ್ಲಿ ನಿಂತುಹೋಗುವ ತೋಟಾಗಳು ಎರಡು ಗುಂಪಾಗಿ ಒಡೆದವು. ಹೆಚ್ಚಿನವುಗಳಲ್ಲಿ ಬಣ್ಣ ಒಂದೇ ಪಕ್ಕದಲ್ಲಿ, ಬಾಯಿಯಿಂದ ಕೆಳಕ್ಕೆ ಪಟ್ಟಿಯಂತೆ ಉಜ್ಜಿಹೋಗಿದೆ. ಉಳಿದವುಗಳಲ್ಲಿ ಬುಲೆಟ್ಟಿನ ಬುಡ ಇರುವ ಕಡೆ ಸುತ್ತಲೂ ಉಂಗುರದಂತೆ ಹೋಗಿದೆ. ಇವು ನೇರವಾಗಿಯೇ ಇವೆ, ಆದರೆ ದಪ್ಪ. ಬುಲೆಟ್ಟಿನ ಮೂತಿಯ ಮೇಲಿನ ಬಣ್ಣ ಎಲ್ಲಿಯೂ ಹೋಗಿಲ್ಲ. ಬ್ಯಾರೆಲ್ಲಿನ ತೋಡು 0.3555 ಅಂಗುಲ ಬಂತು. ಅಚ್ಚರಿಯಾದದ್ದು ಹೊರತೆಗೆದ ಬುಲೆಟ್: 0.358 ಇದ್ದದ್ದು ಬುಡದಲ್ಲಿ 0.355ಕ್ಕೆ ಇಳಿದಿದೆ! ಕಾರ್ಬೈಡ್ ಉಂಗುರದ ಡೈ ನನ್ನಲ್ಲಿ ಇಲ್ಲ. ಹಾಗಿದ್ದೂ ಹೀಗೇಕೆ?

ಕೂರಿಸುವ ಆಳವನ್ನೂ ಕೇಳಬಹುದೆಂದು ಬರೆಯುತ್ತಿದ್ದೇನೆ. ನನ್ನ ಪಿಸ್ತೂಲಿನ ಥ್ರೋಟ್ (ಚೇಂಬರಿಗೂ ರೈಫ್ಲಿಂಗಿಗೂ ನಡುವಿನ ಜಾಗ) ಬಹಳ ಗಿಡ್ಡ, ಆದ್ದರಿಂದ ತೋಟಾದ ಒಟ್ಟು ಉದ್ದವನ್ನು 1.090 ಅಂಗುಲಕ್ಕೆ ಇಳಿಸಬೇಕಾಯಿತು. ಬುಲೆಟ್ಟಿನ ಉದ್ದ 0.675.

ಮೈಕ್ರೋಮೀಟರ್:

ನಿಮ್ಮ ಎರಡನೆಯ ಗುಂಪಿನ ಉತ್ತರ ನೀವೇ ಕೊಟ್ಟ ಅಂಕಿಗಳಲ್ಲಿದೆ. ಕೇಸಿನ ಉದ್ದಕ್ಕೆ ಬುಲೆಟ್ಟಿನ ಉದ್ದ ಕೂಡಿಸಿ ತೋಟಾದ ಒಟ್ಟು ಉದ್ದವನ್ನು ಕಳೆದರೆ ಬುಲೆಟ್ ಎಷ್ಟು ಒಳಗಿದೆ ಎಂಬುದು ಸಿಗುತ್ತದೆ. ಕೇಸ್ 0.750 ಎಂದು ಹಿಡಿದರೆ 0.335 ಅಂಗುಲ. ಹಿಂದೆ ನೀವು ಬಳಸುತ್ತಿದ್ದ 124 ಗ್ರೇನಿನ ಬುಲೆಟ್ ಸುಮಾರು 0.600 ಉದ್ದವಿದ್ದು, ಒಟ್ಟು ಉದ್ದ 1.150 ಇದ್ದಿದ್ದರೆ ಅದು 0.200 ಮಾತ್ರ ಒಳಗಿರುತ್ತಿತ್ತು. ಈ ವ್ಯತ್ಯಾಸ ಸಣ್ಣದಲ್ಲ. 9 ಎಂಎಂ ಕೇಸ್ ಹೊರಗಡೆ ಬುಡದಿಂದ ಬಾಯಿಯ ಕಡೆಗೆ ಕಿರಿದಾಗುತ್ತ ಹೋಗುತ್ತದೆ, ಬುಡದಲ್ಲಿ 0.391 ಇದ್ದದ್ದು ಬಾಯಿಯಲ್ಲಿ 0.380, ಒಳಗಡೆ ನೋಡಿದರೆ ಗೋಡೆ ಬಾಯಿಯಿಂದ ಸ್ವಲ್ಪ ದೂರ ಒಂದೇ ದಪ್ಪವಿದ್ದು ಆಮೇಲೆ ಬುಡದ ಕಡೆಗೆ ದಪ್ಪವಾಗುತ್ತ ಹೋಗುತ್ತದೆ. ಆ ದಪ್ಪ ಎಲ್ಲಿಂದ ಶುರುವಾಗುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕೇಸ್‌ಗಳಲ್ಲಿ ನಿಮ್ಮ ಬುಲೆಟ್ಟಿನ ಬುಡ ಆ ದಪ್ಪ ಭಾಗಕ್ಕೆ ಸಿಕ್ಕಿಕೊಂಡಿದೆ. ಅಲ್ಲಿ ಗೋಡೆ ಹೊರಕ್ಕೆ ಉಬ್ಬುತ್ತದೆ, ಉಬ್ಬಲಾರದಷ್ಟು ಗಟ್ಟಿಯಿದ್ದರೆ ಸೀಸವೇ ಕುಗ್ಗುತ್ತದೆ. 0.355 ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧ ಕುಲುಮೆಯವರು ಹೇಳಿದ ಕಿರಿದಾದ ಎಕ್ಸ್‌ಪ್ಯಾಂಡರ್. ಗಟ್ಟಿ ಕೇಸಿಗೂ ಮೆದು ಬುಲೆಟ್ಟಿಗೂ ಜಗಳವಾದರೆ ಸೋಲುವುದು ಬುಲೆಟ್. ನಿಮ್ಮ ಬಿಗಿ ಕ್ರಿಂಪ್ ಬಾಯಿಯ ಬಳಿ ಅದಕ್ಕೆ ಇನ್ನಷ್ಟು ಕೈಜೋಡಿಸಿದೆ.

ಕೇಸ್‌ಗಳನ್ನು ಬುಡದ ಮುದ್ರೆಯ ಪ್ರಕಾರ ವಿಂಗಡಿಸಿ, ಉಂಗುರ ಮೂಡಿದವು ಯಾವ ಮುದ್ರೆಯವು ಎಂದು ನೋಡಿ. ಹಾಗೆಯೇ ಟಾರ್ಚ್ ಹಾಕಿ ಒಳಗೆ ಇಣುಕಿ. ರೇಂಜಿನ ರಾಶಿಯಲ್ಲಿ ಒಳಗೋಡೆಯಲ್ಲಿ ಮೆಟ್ಟಿಲು ಇರುವ ಕೇಸ್‌ಗಳೂ ಸೇರಿರುತ್ತವೆ. ಅವುಗಳ ಒಳಜಾಗ ಕಡಿಮೆ, ಗೋಡೆ ಮೆಟ್ಟಿಲಿನ ಬಳಿ ಮುರಿದು ಬಾಯಿಕಡೆಯ ಭಾಗ ಬೇರೆಯಾಗುವ ಅಪಾಯವಿದೆ. ಅಂಥವನ್ನು ಯಾವ ಬುಲೆಟ್ಟಿಗೂ ಬಳಸದೆ ಗುಜರಿಗೆ ಹಾಕಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಚೇಂಬರಿಗೆ ಹೋಗಲೆಂದು ಬುಲೆಟ್ಟನ್ನು ಇನ್ನೂ ಆಳಕ್ಕೆ ತಳ್ಳುವ ಯೋಚನೆ ಬೇಡ. 9 ಎಂಎಂ ಕೇಸಿನ ಒಳಜಾಗ ಬಹಳ ಸಣ್ಣದು, ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್ ಎಂದು ಗೊತ್ತುಮಾಡಿದ ತೋಟಾ ಇದು. ಬುಲೆಟ್ ಸ್ವಲ್ಪ ಆಳಕ್ಕೆ ಹೋದರೂ ಒತ್ತಡ ತಟ್ಟನೆ ಏರುತ್ತದೆ. 1.090ಕ್ಕೆ ಇಳಿಸುವಾಗ ಆ ಉದ್ದಕ್ಕೂ ಆ ಬುಲೆಟ್ಟಿಗೂ ಪ್ರಕಟವಾದ ಮದ್ದಿನ ಅಳತೆಯನ್ನೇ ನೋಡಿದ್ದೀರಿ ಎಂದು ಭಾವಿಸುತ್ತೇನೆ.

ರಿವಾಲ್ವರ್ ಪಕ್ಷ:

ಮೈಕ್ರೋಮೀಟರ್ ಅವರು ಹೇಳಿದ ದಪ್ಪ ಗೋಡೆಯ ವಿಷಯ ನಮ್ಮ 0.38 ಸ್ಪೆಷಲ್ ರಿವಾಲ್ವರ್ ತೋಟಾದ ಬಳಗಕ್ಕೆ ಹಳೆಯ ಪರಿಚಯ. 148 ಗ್ರೇನಿನ, ಚಪ್ಪಟೆ ಮೂತಿಯ ವಾಡ್‌ಕಟರ್ ಬುಲೆಟ್ಟನ್ನು ಕೇಸಿನ ಬಾಯಿಯ ಮಟ್ಟಕ್ಕೆ ಪೂರ್ತಿ ಒಳಗೆ ಕೂರಿಸುತ್ತಾರೆ. ಸಾಮಾನ್ಯ ಕೇಸಿನಲ್ಲಿ ಹಾಗೆ ಮಾಡಿದರೆ ನಡುವಿನ ಕೆಳಗೆ ಉಬ್ಬಿ ಸಿಲಿಂಡರಿಗೆ ಹೋಗುವುದಿಲ್ಲ. ಅದಕ್ಕೆಂದೇ ತೆಳುಗೋಡೆ ಆಳದವರೆಗೂ ಇರುವ ವಾಡ್‌ಕಟರ್ ಕೇಸ್‌ಗಳನ್ನು ಕಂಪನಿಗಳು ಪ್ರತ್ಯೇಕವಾಗಿ ತಯಾರಿಸಿದವು. ಹಳಬರು ಅವನ್ನು ಈಗಲೂ ಡಬ್ಬಿಯಲ್ಲಿ ಕೂಡಿಟ್ಟುಕೊಂಡಿರುತ್ತಾರೆ, ಕೇಳಿದರೆ ಕೊಡುವುದಿಲ್ಲ.

ರಿವಾಲ್ವರಿನಲ್ಲಿ ಇನ್ನೊಂದು ಬಗೆಯ ಉಬ್ಬೂ ಇದೆ. ಕೂರಿಸುವುದು, ರೋಲ್ ಕ್ರಿಂಪ್ ಹಾಕುವುದು (ಬಾಯಿಯ ಅಂಚನ್ನು ಒಳಕ್ಕೆ ಮಡಚುವುದು) ಎರಡನ್ನೂ ಒಂದೇ ಡೈಯಲ್ಲಿ ಮಾಡುವಾಗ ಒಂದು ಕೇಸ್ ಉಳಿದವಕ್ಕಿಂತ ಉದ್ದವಿದ್ದರೆ, ಅದರ ಬಾಯಿ ಬುಲೆಟ್ಟಿನ ತೋಡಿಗೆ ಬರುವ ಮೊದಲೇ ಮಡಚಿಕೊಂಡು ಸೀಸಕ್ಕೆ ಕಚ್ಚುತ್ತದೆ. ಬುಲೆಟ್ ಇಳಿಯುವಾಗ ಬಾಯಿಯನ್ನೂ ಎಳೆದುಕೊಂಡು ಇಳಿದು ಕೇಸ್ ಕುಸಿಯುತ್ತದೆ. ಕೇಸ್‌ಗಳ ಉದ್ದ ಸಮ ಮಾಡಿ, ಎರಡು ಕೆಲಸವನ್ನು ಎರಡು ಹಂತಕ್ಕೆ ಒಡೆದರೆ ಈ ಕಾಟ ಇರುವುದಿಲ್ಲ. 9 ಎಂಎಂ ಕೇಸ್ ಬಾಯಿಯ ಅಂಚಿನ ಮೇಲೆ ಚೇಂಬರಿನಲ್ಲಿ ನಿಲ್ಲುವುದರಿಂದ ಅದಕ್ಕೆ ರೋಲ್ ಕ್ರಿಂಪ್ ಸಲ್ಲದು, ಬಾಯಿಯನ್ನು ಮಡಚದೆ ಸ್ವಲ್ಪ ಕಿರಿದಾಗಿಸುವ ಟೇಪರ್ ಕ್ರಿಂಪ್ ಮಾತ್ರ.

ಮಡಿಕೇರಿ ಮಂಜು:

ಕುತೂಹಲದಿಂದ ಓದುತ್ತಿದ್ದೇನೆ. ಕೊಡಗಿನಲ್ಲಿ ಕೋವಿ ಮನೆಮಾತು, ಆದರೆ ತೋಟಾ ಅಂಗಡಿಯಿಂದಲೇ ಬರಬೇಕು. ಇಲ್ಲಿಂದ ಓದುವವರಿಗಾಗಿ ಒಂದು ಸಾಲು: 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಭಾರತದಲ್ಲಿ ಅಪರಾಧ. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೂ ಒಯ್ಯುವುದಕ್ಕೂ ಸಂಬಂಧಿಸಿದ್ದು. ತಯಾರಿಕೆಗೆ ಅದು ಅನ್ವಯಿಸದು.

ಸೀಸದ ಕುಲುಮೆ:

ಸರಿಯಾದ ಮಾತು. ಅಮೆರಿಕದಲ್ಲಾದರೆ ಸ್ವಂತ ಬಳಕೆಗೆ ಫೆಡರಲ್ ಪರವಾನಗಿ ಬೇಕಿಲ್ಲ, ಮಾರಲು ಹೊರಟರೆ ಬೇಕು.

ಓಹಾಯೋ ಕನ್ನಡಿಗರಿಗೆ ಮುಂದಿನ ಹೆಜ್ಜೆ. ನಿಮ್ಮ ಬ್ಯಾರೆಲ್ಲಿನ ತೋಡು 0.3555 ಆಗಿರುವುದರಿಂದ 0.3565 ಸಾಕು, 0.358 ಬೇಕಿಲ್ಲ. ಪೌಡರ್ ಕೋಟಿಂಗ್ ತಾನೇ ವ್ಯಾಸಕ್ಕೆ ಒಂದೆರಡು ಥೌ ಸೇರಿಸುತ್ತದೆ. ಆದ್ದರಿಂದ ಬುಲೆಟ್ಟನ್ನು ಅಳತೆಗೆ ತರುವ ಕೆಲಸ ಕೋಟಿಂಗ್ ಬೆಂದ ಮೇಲೆ ಆಗಬೇಕು. ಸೈಜಿಂಗ್ ಡೈ ಇದ್ದರೆ ನಿಮ್ಮಲ್ಲಿ ಉಳಿದಿರುವ ಬುಲೆಟ್‌ಗಳನ್ನೇ ಅದರಲ್ಲಿ ತಳ್ಳಬಹುದು. ಒಂದೂವರೆ ಥೌ ಇಳಿಸುವುದು ಕಷ್ಟವಲ್ಲ. ತೋಟಾದೊಳಗೆ ಕುಗ್ಗುವುದಕ್ಕೂ ಹೊರಗೆ ಅಳತೆಯ ಡೈಯಲ್ಲಿ ಸಮನಾಗಿ ಇಳಿಯುವುದಕ್ಕೂ ವ್ಯತ್ಯಾಸವಿದೆ: ಇಲ್ಲಿ ಬುಡದಿಂದ ಭುಜದವರೆಗೆ ಒಂದೇ ಅಳತೆ ಸಿಗುತ್ತದೆ.

ಕೂರಿಸುವ ಡೈಯ ಒಳಗಿನ ಒತ್ತುಗುಂಡಿಯನ್ನೂ ಬಿಚ್ಚಿ ನೋಡಿ. ಚಪ್ಪಟೆ ಮೂತಿಯ ಬುಲೆಟ್ಟಿಗೆ ದುಂಡು ಮೂತಿಯ ಗುಂಡಿ ಇದ್ದರೆ ಅದು ಅಂಚಿನ ಒಂದೇ ಕಡೆ ಒತ್ತಿ ಬುಲೆಟ್ಟನ್ನು ಓರೆ ಮಾಡುತ್ತದೆ. ಮೇಣದ ಲೂಬ್ ಹಚ್ಚಿದ ಬುಲೆಟ್ ಬಳಸುವವರ ಗುಂಡಿಯಲ್ಲಿ ಮೇಣ ಹೆಪ್ಪುಗಟ್ಟಿ ಇದೇ ಕೆಲಸ ಮಾಡುತ್ತದೆ, ಆಳವನ್ನೂ ಏರುಪೇರು ಮಾಡುತ್ತದೆ.

ಕೊನೆಗೆ ಕ್ರಿಂಪ್. ಕೂರಿಸುವ ಡೈಯ ಮೈಯನ್ನು ಒಂದು ಪೂರ್ತಿ ಸುತ್ತು ಮೇಲಕ್ಕೆತ್ತಿದರೆ ಅದು ಸುಮಾರು 71 ಥೌ ಮೇಲೇರುತ್ತದೆ, ಕ್ರಿಂಪ್ ತಾಗುವುದಿಲ್ಲ. ಒತ್ತುಗುಂಡಿಯನ್ನು ಅಷ್ಟೇ ಕೆಳಗಿಳಿಸಿ ಉದ್ದವನ್ನು ಮತ್ತೆ ಅಳೆಯಿರಿ. ಆಮೇಲೆ ಬೇರೆ ಟೇಪರ್ ಕ್ರಿಂಪ್ ಡೈಯಲ್ಲಿ ಬಾಯಿಯ ತೀರಾ ಅಂಚು 0.378ರಿಂದ 0.379 ಬರುವಷ್ಟು ಮಾತ್ರ ಮುಚ್ಚಿ. ಈ ಕ್ರಿಂಪ್ ಬುಲೆಟ್ಟನ್ನು ಹಿಡಿಯುವುದಕ್ಕಲ್ಲ, ಹಿಗ್ಗಿಸಿದ ಬಾಯಿಯನ್ನು ನೆಟ್ಟಗೆ ಮಾಡುವುದಕ್ಕೆ. ಹಿಡಿತ ಸಾಕೇ ಎಂದು ತಿಳಿಯಲು ತೋಟಾದ ಉದ್ದ ಅಳೆದು, ಮೂತಿಯನ್ನು ಬೆಂಚಿನ ಮರಕ್ಕೆ ಹೆಬ್ಬೆರಳಿನ ಬಲದಿಂದ ಒತ್ತಿ ಮತ್ತೆ ಅಳೆಯಿರಿ, ಉದ್ದ ಕಡಿಮೆಯಾಗಬಾರದು.

ವೇಗದ ಬೆಂಚು:

ಒಪ್ಪಿದೆ. ನಾನು ಬಳಸುವುದು ತಾಮ್ರ ಲೇಪನದ್ದೇ. ಆದರೂ ತಪಾಸಣೆಗೆಂದು ಕಾರ್ಬೈಡ್ ಉಂಗುರವನ್ನು ಉಳಿಸಿಕೊಳ್ಳುವುದರಲ್ಲಿ ಏನು ತಪ್ಪು? ಸರಿಯಾಗಿರುವ ತೋಟಾ ಉಂಗುರಕ್ಕೆ ತಾಗದೆ ಹೋಗುತ್ತದೆ, ಕೈಗೆ ತಡೆ ಸಿಕ್ಕಿದರೆ ಅದನ್ನು ಪಕ್ಕಕ್ಕಿಡಬಹುದಲ್ಲ.

ಮೈಕ್ರೋಮೀಟರ್:

ತಡೆ ಸಿಕ್ಕ ಹೊತ್ತಿಗೆ ಸೀಸ ಕುಗ್ಗಿಯಾಗಿರುತ್ತದೆ. ತಪಾಸಣೆಗೆ ಬ್ಯಾರೆಲ್ಲೇ ಇದೆ, ತೋಟಾದ ಅಳತೆ ನೋಡುವ ಕೇಸ್ ಗೇಜ್ ಇದೆ. ಅವು ಯಾವುದನ್ನೂ ಹಿಂಡುವುದಿಲ್ಲ.

ಓಹಾಯೋ ಕನ್ನಡಿಗ:

ಎರಡು ಮೆಟ್ಟಿಲಿನ ಎಕ್ಸ್‌ಪ್ಯಾಂಡರ್ ಬಂತು, ಬುಲೆಟ್‌ಗಳನ್ನು 0.3565ಕ್ಕೆ ಇಳಿಸಿದೆ. ಒಂದು ಪಕ್ಕದ ಉಬ್ಬು ಸಂಪೂರ್ಣವಾಗಿ ನಿಂತಿದೆ. ಹೊರತೆಗೆದ ಬುಲೆಟ್ ಈಗ ಬುಡದಲ್ಲೂ 0.356ಕ್ಕಿಂತ ಕೆಳಗಿಲ್ಲ, ಹೆಬ್ಬೆರಳಿನ ಪರೀಕ್ಷೆಯಲ್ಲಿ ಉದ್ದ ಬದಲಾಗಲಿಲ್ಲ. ಉಂಗುರ ಮೂಡುತ್ತಿದ್ದ ಕೇಸ್‌ಗಳು ಎರಡು ಮುದ್ರೆಗಳವು ಎಂದು ವಿಂಗಡಣೆಯಲ್ಲಿ ತಿಳಿಯಿತು. ಒಂದರಲ್ಲಿ ಮಾತ್ರ ಈಗಲೂ ತುಸು ಬಿಗಿಯಿದೆ. ಅವನ್ನು 124 ಗ್ರೇನಿನ ಬುಲೆಟ್ಟಿಗೆಂದು ಬೇರೆ ಡಬ್ಬಿಗೆ ಹಾಕಿದ್ದೇನೆ. ಗುಂಡಿಯ ಮೂತಿ ನನ್ನದು ಹೊಂದುವಂಥದ್ದೇ ಇತ್ತು.

ಈಗ ಉಳಿದಿರುವುದು ಮೊದಲು ಮಾಡಿಟ್ಟ, ಚೇಂಬರಿಗೆ ಹೋಗದ ತೋಟಾಗಳ ರಾಶಿ. ಇವನ್ನು ಏನು ಮಾಡಲಿ? ಚೇಂಬರಿಗೆ ಹೋಗುವವನ್ನಾದರೂ ಸಿಡಿಸಿ ಮುಗಿಸಬಹುದೇ?

ಸೀಸದ ಕುಲುಮೆ:

ಎಲ್ಲವನ್ನೂ ಬಿಚ್ಚುವುದೇ ಮೇಲು. ಹೋಗುವವುಗಳಲ್ಲಿಯೂ ಬುಲೆಟ್ 0.355ಕ್ಕೆ ಕುಗ್ಗಿರುವ ಸಂಭವವಿದೆ. ಬ್ಯಾರೆಲ್ಲಿಗೆ ಸೀಸ ಮೆತ್ತಿದರೆ ಅದನ್ನು ಉಜ್ಜಿ ತೆಗೆಯುವ ಶ್ರಮ ಬಿಚ್ಚುವ ಶ್ರಮಕ್ಕಿಂತ ಹೆಚ್ಚು. ಸುತ್ತಿಗೆಯಂತೆ ಬಡಿಯುವ ಪುಲ್ಲರ್ ಬಳಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಗಟ್ಟಿಯಾದ ಮರದ ತುಂಡಿನ ಮೇಲೆ ಬಡಿಯಿರಿ. ಮದ್ದು ಯಾವುದೆಂದು ಖಚಿತವಿದ್ದರೆ ಮಾತ್ರ ಅದರದೇ ಡಬ್ಬಿಗೆ ಸೇರಿಸಿ, ಕೋಟಿಂಗಿನ ಚೂರು ಬೆರೆತಿದ್ದರೆ ಅದನ್ನೂ ಸೇರಿಸಬೇಡಿ. ಪ್ರೈಮರನ್ನು ಒತ್ತಿ ತೆಗೆಯುವ ಅಗತ್ಯವಿಲ್ಲ: ಸೈಜಿಂಗ್ ಡೈಯಿಂದ ಪ್ರೈಮರನ್ನು ತಳ್ಳುವ ಡಿಕ್ಯಾಪಿಂಗ್ ಪಿನ್ ಬಿಚ್ಚಿಟ್ಟು, ಪ್ರೈಮರ್ ಇರುವ ಕೇಸನ್ನು ನಿಧಾನವಾಗಿ ಮತ್ತೆ ಸೈಜ್ ಮಾಡಿ, ಹೊಸ ಎಕ್ಸ್‌ಪ್ಯಾಂಡರಿಗೆ ಕೊಡಿ.

ಕುಗ್ಗಿದ ಬುಲೆಟ್‌ಗಳನ್ನು ಕರಗಿಸುವುದಾದರೆ ಬಯಲಿನಲ್ಲಿ ಮಾಡಿ. ಕೋಟಿಂಗ್ ಸುಡುವಾಗ ದಟ್ಟವಾಗಿ ಹೊಗೆ ಬರುತ್ತದೆ, ಮೇಲೆ ತೇಲುವ ಕರಿಯ ಕಿಟ್ಟವನ್ನು ಒಣಗಿದ ಚಮಚದಿಂದಲೇ ತೆಗೆಯಬೇಕು, ಕರಗಿದ ಸೀಸದ ಹತ್ತಿರಕ್ಕೆ ನೀರಿನ ಹನಿಯೂ ಹೋಗಬಾರದು.